ಬ್ರೇಕಮ್ಮನ ಕುತ್ತಿಗೆ

"ಕುತ್ತಿಗೆ. ಕುತ್ತಿಗೆ ನೋಡ್ಕೊಳ್ಳಿ."

ಮಂಚದಿಂದ ಸ್ಟ್ರೆಚರಿಗೆ ಎತ್ತುತ್ತಿದ್ದವರು ತಟ್ಟನೆ ನಿಂತರು. ಗಂಡ ಬಾಗಿ, ಒಂದು ಅಂಗೈಯನ್ನು ಹೆಂಡತಿಯ ತಲೆಯ ಹಿಂಭಾಗಕ್ಕೂ ಇನ್ನೊಂದನ್ನು ಹೆಗಲುಗಳ ನಡುವೆಯೂ ಕೊಟ್ಟು, "ಹೂಂ, ಈಗ ಎತ್ತಿ. ಎಲ್ಲರೂ ಒಟ್ಟಿಗೆ," ಎಂದರು. ಕಾಲಿನ ಕಡೆ ಹಿಡಿದಿದ್ದ ಪಕ್ಕದ ಮನೆಯಾತ ಏನೋ ಹೇಳಲು ಬಾಯಿ ತೆರೆದ. ಇನ್ನು ಕುತ್ತಿಗೆಗೆ ಏನಾಗಬೇಕಿದೆ ಎಂಬ ಮಾತೇ ಇರಬೇಕು. ಬಾಗಿಲ ಬಳಿ ನಿಂತಿದ್ದ ಮಗಳು ಬೇಡವೆಂದು ಕಣ್ಣಿನಲ್ಲೇ ಹೇಳಿದಳು. ಆತ ಬಾಯಿ ಮುಚ್ಚಿಕೊಂಡು ಎಲ್ಲರ ಜೊತೆ ಎತ್ತಿದ.

ಮನೆಯೊಳಗಿನ ಹಾದಿ ಕಿರಿದು. ಅಡುಗೆಮನೆಯ ಮೂಲೆಯಲ್ಲಿ ಸ್ಟ್ರೆಚರು ಸಿಕ್ಕಿಕೊಂಡಿತು. "ಹಿಂದಿನವರು ಇನ್ನೊಂಚೂರು ಕಟ್ ಮಾಡಿ," ಎಂದು ಯಾರೋ ಕಾರು ತಿರುಗಿಸುವ ಅಭ್ಯಾಸಬಲದಿಂದ ಹೇಳಿಬಿಟ್ಟರು. ಹೇಳಿದವರಿಗೇ ನಾಚಿಕೆಯಾಗಿ ತಲೆ ತಗ್ಗಿಸಿದರು. ಮಗಳಿಗೆ ನಗು ಬಂತು. ಬೆಳಗಿನಿಂದ ಅತ್ತು ಊದಿದ ಮುಖದಲ್ಲಿ ಆ ನಗು ಬಂದದ್ದು ನೋಡಿ ಉಳಿದವರೂ ಹಗುರಾದರು. ಹೊತ್ತಿದ್ದವರಲ್ಲಿ ಹೆಚ್ಚಿನವರು ಸತ್ತವಳ ಹತ್ತಿರ ಕಾರು ಓಡಿಸಲು ಕಲಿತವರು. ಮೂವತ್ತು ವರ್ಷ ಅವಳು ಡ್ರೈವಿಂಗ್ ಕಲಿಸಿದ್ದಳು. ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು. ಹಿಂದಿನಿಂದ ಅವಳ ಹೆಸರು ಬ್ರೇಕಮ್ಮ. ಕಲಿಸುವವರ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಂದ ಅವಳ ಕಾಲು ಒಂದು ದಿನವೂ ಸರಿಯುತ್ತಿರಲಿಲ್ಲ. ಆ ಅಡ್ಡಹೆಸರು ಅವಳಿಗೂ ಗೊತ್ತಿತ್ತು. ಫೋನಿನಲ್ಲಿ ಯಾರಾದರೂ ಯಾರು ಮಾತಾಡೋದು ಎಂದು ಕೇಳಿದರೆ, "ಬ್ರೇಕಮ್ಮನೇ ಮಾತಾಡ್ತಿರೋದು, ಹೇಳಿ," ಎನ್ನುತ್ತಿದ್ದಳು.

ಸ್ಮಶಾನದ ವ್ಯಾನಿನ ಚಾಲಕನೂ ಅವಳ ಶಿಷ್ಯನೇ. ಕಲಿಯುವಾಗ ಎಲ್ಲದಕ್ಕೂ ಅವಸರ ಮಾಡುತ್ತಿದ್ದನೆಂದು ಅವನಿಗೆ 'ಗಡಿಬಿಡಿ' ಎಂದು ಹೆಸರಿಟ್ಟಿದ್ದಳು. ಈಗ ಅವನ ಮೀಸೆ ಅರ್ಧ ಬೆಳ್ಳಗಾಗಿದೆ. ಹಿಂದಿನ ಬೆಂಚಿನಲ್ಲಿ ಗಂಡ, ಮಗಳು, ಸತ್ತವಳ ತಂಗಿ ಕುಳಿತರು. ವ್ಯಾನು ಹೊರಟಿತು. ಮೊದಲ ಹಂಪ್ ಬಂದಾಗ ಗಡಿಬಿಡಿ ಬಹಳ ಮುಂಚೆಯೇ ವೇಗ ತಗ್ಗಿಸಿ, ಮುಂದಿನ ಚಕ್ರ ಏರಿಸಿ, ತಡೆದು, ಇಳಿಸಿ, ಮತ್ತೆ ಹಿಂದಿನ ಚಕ್ರ ಏರಿಸಿದ. ಒಳಗೆ ಯಾರ ತಲೆಯೂ ಅಲುಗಲಿಲ್ಲ.

"ಸ್ವಲ್ಪ ಬೇಗ ಹೋಗಬಹುದಲ್ಲಪ್ಪಾ," ಎಂದಳು ತಂಗಿ. "ಇನ್ನು ಅಕ್ಕನಿಗೇನು."

"ನನಗೆ ಬರಲ್ಲಮ್ಮ," ಎಂದ ಅವನು ರಸ್ತೆಯಿಂದ ಕಣ್ಣು ತೆಗೆಯದೆ. "ಮೇಡಂ ಕೂತಿದ್ರೆ ನನ್ನ ಕಾಲು ಹಿಂಗೇ ಹೋಗೋದು."

ಹಿಂದಿನ ಕಿಟಕಿಯಲ್ಲಿ ಕಾರುಗಳ ಸಾಲು ಕಾಣುತ್ತಿತ್ತು. ತಿರುವಿನಲ್ಲಿ ನೋಡಿದರೆ ಕೊನೆಯೇ ಕಾಣದಷ್ಟು. ಎಲ್ಲವೂ ಒಂದೇ ಅಂತರ ಬಿಟ್ಟುಕೊಂಡು ಬರುತ್ತಿದ್ದವು. ಒಬ್ಬರೂ ಹಾರ್ನ್ ಹಾಕುತ್ತಿರಲಿಲ್ಲ.

*

ಮಗಳು ಹುಟ್ಟಿದ ಮರುವರ್ಷ ಬ್ರೇಕಮ್ಮನ ಬೆರಳುಗಳು ಬೆಳಗ್ಗೆ ಎದ್ದಾಗ ಮಡಚದಾದವು. ಬಾಚಣಿಗೆ ಹಿಡಿಯಲು ಆಗುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟು ಕುಳಿತರೆ ಮಧ್ಯಾಹ್ನದ ಹೊತ್ತಿಗೆ ಅಷ್ಟಿಷ್ಟು ಸಡಿಲವಾಗುತ್ತಿದ್ದವು. ಕೀಲು ಡಾಕ್ಟರು ರುಮಟಾಯ್ಡ್ ಎಂದರು. ಮೈಯೇ ತನ್ನ ಕೀಲುಗಳ ಮೇಲೆ ಜಗಳಕ್ಕೆ ಬಿದ್ದಿದೆ, ಔಷಧಿಯಿಂದ ಜಗಳ ತಗ್ಗಿಸಬಹುದು, ಪೂರ್ತಿ ಬಿಡಿಸಲಾಗದು ಎಂದು ತಿಳಿಸಿ ಹೇಳಿದರು. ಆಗ ಅವಳು ಒಂದು ಡ್ರೈವಿಂಗ್ ಶಾಲೆಯಲ್ಲಿ ಫೋನು ಎತ್ತುವ ಕೆಲಸದಲ್ಲಿದ್ದಳು. ಬೆರಳುಗಳು ಪೆನ್ನು ಹಿಡಿಯಲು ಒಪ್ಪದಿದ್ದಾಗ ಮಾಲೀಕರು, "ಕಾರಿನೊಳಗೆ ಕೂತು ಕಲಿಸಿ ನೋಡಿ. ಅಲ್ಲಿ ಬಾಯಿ, ಕಾಲು ಇದ್ರೆ ಸಾಕು," ಎಂದರು. ಬಾಯಿ ಅವಳಿಗೆ ಮೊದಲಿನಿಂದಲೂ ಇತ್ತು. ಕೆಲವು ವರ್ಷಗಳಲ್ಲಿ ಹಳೆಯ ಕಾರೊಂದನ್ನು ತಾನೇ ಕೊಂಡು, ಎರಡನೇ ಬ್ರೇಕ್ ಕೂರಿಸಿ, ಸ್ವಂತ ಶಾಲೆ ತೆರೆದಳು.

ಗಂಡನದು ಕನ್ನಡಕದಂಗಡಿ. ಊರಿಗೆಲ್ಲ ಕಣ್ಣು ಸರಿಮಾಡಿಕೊಡುವ ಆತ ಕಾರಿನ ಸ್ಟೇರಿಂಗ್ ಮಾತ್ರ ಮುಟ್ಟಲಿಲ್ಲ. "ಮನೇಲೂ ನೀನೇ ಹೇಳೋದು, ಕಾರಲ್ಲೂ ನೀನೇ ಹೇಳೋದು ಅಂದ್ರೆ ನನಗೆ ಉಸಿರಾಡೋಕೆ ಜಾಗ ಎಲ್ಲಿ," ಎನ್ನುತ್ತಿದ್ದರು.

ಬೆರಳು ವಾಲಿದವು, ಮಣಿಕಟ್ಟು ದಪ್ಪವಾಯಿತು, ಅವಳು ಕಲಿಸುತ್ತಲೇ ಇದ್ದಳು. ಐವತ್ತು ದಾಟಿದ ಮೇಲೆ ಹೊಸದೊಂದು ಶುರುವಾಯಿತು. ತಲೆಯ ಹಿಂಬದಿಯಲ್ಲಿ ನೋವು, ಅಂಗೈಗಳಲ್ಲಿ ಜುಮ್ಮೆನ್ನುವುದು. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಕುತ್ತಿಗೆಯಿಂದ ಹಿಮ್ಮಡಿವರೆಗೆ ಕರೆಂಟು ಹೊಡೆದಂತಾಗುವುದು. ಹಳೇ ಕಾಯಿಲೆಯ ಹೊಸ ಆಟ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಚಪ್ಪಲಿಯನ್ನು ಬಗ್ಗದೆ ಹಾಕಿಕೊಳ್ಳುವಂಥದಕ್ಕೆ ಬದಲಿಸಿದಳು.

ಒಂದು ಬೆಳಗ್ಗೆ ಬ್ಯಾಂಕಿನ ಗುಮಾಸ್ತನೊಬ್ಬನಿಗೆ ಮಾರುಕಟ್ಟೆಯ ಇಳಿಜಾರಿನಲ್ಲಿ ಕಲಿಸುತ್ತಿದ್ದಳು. ಸೈಕಲ್ಲೊಂದು ಅಡ್ಡ ಬಂತು. ಆತ ಬ್ರೇಕನ್ನು ಒದ್ದೇ ಒದ್ದ. ಅವಳ ತಲೆ ಮುಂದಕ್ಕೆ ಎಗರಿತು. ಆ ಕರೆಂಟು ಈ ಸಲ ಹೊಡೆದು ಹೋಗಿಬಿಡಲಿಲ್ಲ, ಸೊಂಟದ ಕೆಳಗೆಲ್ಲ ಮರಗಟ್ಟಿಸಿತು. ಗಾಬರಿಯಾದ ಗುಮಾಸ್ತ ಕಾಲು ಬದಲಿಸಿ ಆಕ್ಸಿಲರೇಟರ್ ಒತ್ತಿದ. ಅವಳು ತನ್ನ ಬ್ರೇಕ್ ಒತ್ತಲು ನೋಡಿದಳು. ಕಾಲು ಬ್ರೇಕಿನ ಮೇಲೇ ಇತ್ತು. ಒತ್ತಲಿಲ್ಲ. ಅದು ಇನ್ನಾರದೋ ಕಾಲೆಂಬಂತೆ ಅವಳು ಅದನ್ನು ನೋಡುತ್ತಿದ್ದಳು. ಕಾರು ಕಟ್ಟಡವೊಂದರ ಮುಂದಿನ ಮರಳಿನ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಗುಮಾಸ್ತ ತಪ್ಪಾಯಿತು ತಪ್ಪಾಯಿತು ಎಂದು ಹೇಳುತ್ತಲೇ ಇದ್ದ.

"ನಿಮ್ಮ ತಪ್ಪಲ್ಲ," ಎಂದಳು ಅವಳು. ಸ್ವಲ್ಪ ಹೊತ್ತಿನಲ್ಲಿ ಕಾಲಿಗೆ ಜೀವ ಬಂದಿತ್ತು. ಅವಳ ದನಿಗೆ ಮಾತ್ರ ಇನ್ನೂ ಬಂದಿರಲಿಲ್ಲ.

ಸಂಜೆ ಗಂಡ ಅಂಗಡಿ ಮುಚ್ಚಿ ಬಂದಾಗ, "ಇವತ್ತು ನನ್ನ ಕಾಲು ನನ್ನ ಮಾತು ಕೇಳ್ಲಿಲ್ಲ ರೀ," ಎಂದಳು.

*

ಸ್ಮಶಾನದ ಗೇಟಿನ ಒಳಗೆ ತಗಡಿನ ಚಾವಣಿಯ ಜಗಲಿ. ಅಲ್ಲಿ ಬೆಂಚುಗಳ ಮೇಲೆ ಜನ ಕುಳಿತಿದ್ದರು. ಜಾಗ ಸಾಲದೆ ಬೇವಿನ ಮರದ ಕೆಳಗೂ ನಿಂತಿದ್ದರು. ಕೆಲಸದವರು ಇನ್ನೂ ಸ್ವಲ್ಪ ಹೊತ್ತು ಎಂದರು. ಆ ಹೊತ್ತಿಗೆ ಕೀಲು ಡಾಕ್ಟರು ಬಂದರು. ಈಗ ನಿವೃತ್ತರು, ಕೈಯಲ್ಲಿ ಊರುಗೋಲು. ಗಂಡ ಎದ್ದು ಜಾಗ ಬಿಟ್ಟರು.

"ನೀವು ಕೂತ್ಕೊಳ್ಳಿ," ಎಂದರು ಡಾಕ್ಟರು. "ಕೊನೇಲಿ ತುಂಬಾ ಕಷ್ಟ ಆಯ್ತಾ?"

"ಇಲ್ಲ ಡಾಕ್ಟರಮ್ಮ. ಶ್ವಾಸಕೋಶದ್ದು. ಒಂದು ವಾರ ಅಷ್ಟೇ. ನಿದ್ದೇಲೇ ಹೋದಳು." ಗಂಡ, "ಕುತ್ತಿಗೆ ಕೊನೇವರೆಗೂ ಗಟ್ಟಿ ಇತ್ತು," ಎಂದು ಸೇರಿಸಿದರು.

ಡಾಕ್ಟರು ತಲೆಯಾಡಿಸಿದರು. "ಅವತ್ತು ನಿಮ್ಮ ಮುಖ ನನಗೆ ಇನ್ನೂ ನೆನಪಿದೆ."

*

ಅವತ್ತು ಡಾಕ್ಟರು ಸಣ್ಣ ಸುತ್ತಿಗೆಯಿಂದ ಅವಳ ಮಂಡಿ ತಟ್ಟಿದ್ದರು. ಕಾಲು ಬೇಕಾದ್ದಕ್ಕಿಂತ ಜೋರಾಗಿ ಚಿಮ್ಮಿತು. ಅವರು ಇನ್ನೊಮ್ಮೆ ತಟ್ಟಿ, ಸುತ್ತಿಗೆ ಕೆಳಗಿಟ್ಟು, "ಕೈ ಜುಮ್ ಅನ್ನೋದು ಎಷ್ಟು ದಿನದಿಂದ?" ಎಂದು ಕೇಳಿದರು.

"ಆರೇಳು ತಿಂಗಳು ಇರಬಹುದು."

"ಹೇಳಲೇ ಇಲ್ಲವಲ್ಲ."

"ಕೀಲು ನೋವು ಅಂತ ಬರೋಳು ಅದನ್ನೆಲ್ಲ ಯಾಕೆ ಹೇಳೋದು ಅಂದ್ಕೊಂಡೆ."

"ನಾನೂ ಕೇಳ್ಬೇಕಿತ್ತು," ಎಂದು ಡಾಕ್ಟರು ಎಕ್ಸ್‌ರೇಗೆ ಚೀಟಿ ಬರೆದರು.

ಎಕ್ಸ್‌ರೇ ಕೋಣೆಯಲ್ಲಿ ಮೊದಲು ನೇರ ನಿಲ್ಲಿಸಿ ಪಕ್ಕದಿಂದ ಒಂದು ಚಿತ್ರ ತೆಗೆದರು. ಆಮೇಲೆ ಅಲ್ಲಿದ್ದವನು, "ಈಗ ನೀವಾಗೇ ನಿಧಾನಕ್ಕೆ ಗಲ್ಲಾನ ಎದೆ ಕಡೆ ತನ್ನಿ. ನಾನು ಮುಟ್ಟಲ್ಲ. ಜುಮ್ ಅಂದ್ರೆ ಅಲ್ಲೇ ನಿಲ್ಲಿಸ್ಬಿಡಿ," ಎಂದ. ಅವಳು ಸ್ವಲ್ಪ ಬಗ್ಗಿದಳು. ಬೆರಳ ತುದಿಗಳಲ್ಲಿ ಇರುವೆ ಹರಿದಂತಾದ ಕೂಡಲೇ ನಿಲ್ಲಿಸಿದಳು. ಅಷ್ಟೇ ಸಾಕಾಗಿತ್ತು.

ಡಾಕ್ಟರು ಎರಡು ಚಿತ್ರಗಳನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಗಂಡ ಹೆಂಡತಿ ಇಬ್ಬರನ್ನೂ ಹತ್ತಿರ ಕರೆದರು.

"ಇದು ನೇರ ನಿಂತಾಗಿಂದು. ಏನೂ ಕಾಣಲ್ಲ. ಇದೊಂದನ್ನೇ ನೋಡಿದ್ರೆ ನಾನೂ ಮನೆಗೆ ಕಳಿಸಿರ್ತಿದ್ದೆ. ಈಗ ಬಗ್ಗಿದಾಗಿಂದು ನೋಡಿ. ಕುತ್ತಿಗೆಯ ಮೊದಲನೇ ಮೂಳೆ ಒಂದು ಉಂಗುರ ಇದ್ದ ಹಾಗೆ. ಎರಡನೆಯದರಿಂದ ಒಂದು ಗೂಟ ಎದ್ದು ಆ ಉಂಗುರದೊಳಗೆ ಕೂತಿರತ್ತೆ. ಅದು ಸರಿಯದ ಹಾಗೆ ಹಿಡಿಯೋಕೆ ಒಂದು ಪಟ್ಟಿ. ನಿಮ್ಮ ಕಾಯಿಲೆ ಆ ಪಟ್ಟೀನ ತಿಂದುಹಾಕಿದೆ. ನೀವು ಬಗ್ಗಿದ ಕೂಡಲೇ ಉಂಗುರ ಮುಂದಕ್ಕೆ ಜಾರ್ತಿದೆ. ಹಿಂದೆ ಇರೋದು ಬೆನ್ನುಹುರಿ."

ಮೂಳೆ ಮೂಳೆಗಳ ನಡುವೆ ಕಪ್ಪು ಸಂದೊಂದು ಬಾಯಿ ಬಿಟ್ಟಿತ್ತು. ಕನ್ನಡಕದಂಗಡಿಯವರು ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಸಂದು ಅಲ್ಲೇ ಇತ್ತು.

"ಅಂದ್ರೆ," ಎಂದಳು ಅವಳು, "ಹ್ಯಾಂಡ್‌ಬ್ರೇಕ್ ಕೆಟ್ಟಿರೋ ಗಾಡೀನ ಇಳಿಜಾರಲ್ಲಿ ನಿಲ್ಸಿದೀನಿ."

"ಹೆಚ್ಚು ಕಮ್ಮಿ ಹಾಗೇ. ಈಗ ಆಸ್ಪತ್ರೆಗೆ ಹೇಗೆ ಬಂದ್ರಿ?"

"ನಾನೇ ಓಡಿಸ್ಕೊಂಡು ಬಂದೆ."

ಡಾಕ್ಟರು ಪರದೆಯಿಂದ ಅವಳ ಕಡೆ ತಿರುಗಿದರು. ಆಮೇಲೆ ಕೈ ಚಾಚಿದರು. ಅವಳು ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟಳು. ಕನ್ನಡಕದಂಗಡಿಯವರ ಮುಖ ಬಿಳಚಿಕೊಂಡದ್ದು ಆಗಲೇ. ಅಷ್ಟು ವರ್ಷ ಕಲಿಯುವವರ ಪಕ್ಕದಲ್ಲಿ ಅವಳು ತಿಂದ ಒಂದೊಂದು ಕುಲುಕಾಟವೂ ಅವರ ಕಣ್ಣ ಮುಂದೆ ಬಂದಿರಬೇಕು. ಅವಳಿಗೆ ಅಲ್ಲೇ ಗಟ್ಟಿ ಕಾಲರ್ ಕಟ್ಟಿದರು.

ಮರುದಿನ ಎಂಆರ್‌ಐ. ಆ ಕೊಳವೆಯೊಳಗೆ ಮಲಗಿ ಹೊರಬಂದವಳು, "ಸೈಲೆನ್ಸರ್ ಬಿದ್ದುಹೋದ ಲಾರಿ ಕೆಳಗೆ ಮಲಗಿದ ಹಾಗಿತ್ತು," ಎಂದಳು. ಚಿತ್ರದಲ್ಲಿ ಬೆನ್ನುಹುರಿ ಒಂದು ಕಡೆ ಚಿವುಟಿದಂತೆ ಸಣ್ಣಗಾಗಿತ್ತು. ಮೂಳೆಯ ಎಕ್ಸ್‌ರೇಯಲ್ಲಿ ಕಾಣದ ಊತವೂ ಅಲ್ಲಿ ಕಂಡಿತು. ಎರಡು ಮೂಳೆಗಳನ್ನು ಸ್ಕ್ರೂ ಹಾಕಿ ಬಿಗಿಯಬೇಕು, ಆಗ ಇನ್ನು ಮುಂದೆ ಜಾರುವುದಿಲ್ಲ, ಹೋದ ಶಕ್ತಿ ಎಷ್ಟು ವಾಪಸ್ ಬರುವುದೋ ಹೇಳಲಾಗದು ಎಂದರು ಶಸ್ತ್ರಚಿಕಿತ್ಸೆಯ ಡಾಕ್ಟರು. ಕುತ್ತಿಗೆ ತಿರುಗುವುದರಲ್ಲಿ ಅರ್ಧಕ್ಕರ್ಧ ಹೋಗುತ್ತದೆ ಎಂದೂ ಹೇಳಿದರು. ಅವಳ ಕುತ್ತಿಗೆಯ ಕೆಳಗಿನ ಮೂಳೆಗಳೂ ಮೊದಲೇ ಬಿಗಿದುಕೊಂಡಿದ್ದವು. ಉಳಿದರ್ಧವನ್ನೂ ನೆಚ್ಚುವಂತಿರಲಿಲ್ಲ.

ಆ ಸಂಜೆ ಮನೆಯಲ್ಲಿ ತಂಗಿ, "ಕುತ್ತಿಗೆಗೆ ಕತ್ತಿ ಹಾಕಿಸ್ಕೋಬೇಡ ಕಣೇ ಅಕ್ಕಾ," ಎಂದು ಅತ್ತಳು.

ಗಂಡ ಗೋಡೆ ನೋಡುತ್ತಾ, "ಇಷ್ಟು ದಿನ ಹೀಗೇ ಇದ್ವಲ್ಲ. ಹುಷಾರಾಗಿದ್ರೆ ಆಯ್ತಪ್ಪ. ಶಾಲೆ ಮುಚ್ಚಿಬಿಡೋಣ. ಮನೇಲಿ ಕೂತಿರು," ಎಂದರು.

ಅವಳು ಕಾಲರಿನೊಳಗಿಂದ ಕಣ್ಣನ್ನಷ್ಟೇ ಅವರ ಕಡೆ ಹೊರಳಿಸಿದಳು. "ಇಷ್ಟು ದಿನ ನೋಡಿರ್ಲಿಲ್ಲ ರೀ. ಈಗ ನೋಡಾಯ್ತು. ನೋಡಿದ ಮೇಲೂ ಕಾಣಲಿಲ್ಲ ಅಂತ ಹೆಂಗೆ ಕೂತ್ಕೊಳ್ಲಿ?"

"ತಿರುಗೋಕಾಗಲ್ಲ ಅಂತಾರೆ. ಆಮೇಲೆ ನೀನು ಕಲಿಸೋದು ಹೇಗೆ?"

ಅವಳು ಕಾಲನ್ನು ಒಮ್ಮೆ ಮಡಚಿ ಚಾಚಿದಳು. "ಗೊತ್ತಿಲ್ಲ. ಮೊದಲು ಕಾಲು ಉಳೀಲಿ, ಆಮೇಲೆ ನೋಡೋಣ," ಎಂದಳು.

ಶಸ್ತ್ರಚಿಕಿತ್ಸೆ ಆಯಿತು. ಕಾಲುಗಳು ಮತ್ತೆ ಅವಳ ಮಾತು ಕೇಳತೊಡಗಿದವು. ಒಂದು ಕೈಯ ಎರಡು ಬೆರಳಿನ ಜುಮ್ಮು ಮಾತ್ರ ಉಳಿದೇಹೋಯಿತು. ಮನೆಗೆ ಬಂದ ದಿನ ಮಗಳು ಹಿಂದಿನಿಂದ ಕರೆದಾಗ ಅವಳು ಬೀರು ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸಿ ನಿಂತು, "ಇನ್ನು ಯಾರೇ ಆಗ್ಲಿ ಎದುರಿಗೆ ಬಂದೇ ಮಾತಾಡ್ಬೇಕು. ದೊಡ್ಡ ಮನುಷ್ಯಳಾಗಿಬಿಟ್ಟೆ ನೋಡು," ಎಂದಳು. ಮಗಳು ನಕ್ಕಳು.

ಅದೇ ವಾರ ಮಗಳು ಅಡುಗೆಮನೆಯ ಕಿಟಕಿಯಿಂದ ಅಮ್ಮನನ್ನು ಕಂಡಳು. ಅಂಗಳದಲ್ಲಿ ನಿಂತಿದ್ದ ಕಾರಿನಲ್ಲಿ, ಎಂಜಿನ್ ಹಚ್ಚದೆ, ತನ್ನ ಸೀಟಿನಲ್ಲಿ ಕುಳಿತಿದ್ದಳು. ಹಿಂದಿನ ಗಾಜಿನ ಕಡೆ ನೋಡಲು ಒಮ್ಮೆ ಪ್ರಯತ್ನಿಸಿದಳು. ಗಲ್ಲ ಹೆಗಲಿನ ಹತ್ತಿರಕ್ಕೂ ಬರಲಿಲ್ಲ. ಇನ್ನೊಮ್ಮೆ ನೋಡಿದಳು. ಆಮೇಲೆ ಡೊಂಕು ಬೆರಳಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕತ್ತಲಾಗುವವರೆಗೂ ಅಲ್ಲೇ ಇದ್ದಳು. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು.

ವರ್ಷ ತುಂಬುವ ಹೊತ್ತಿಗೆ ಡಾಕ್ಟರು ಮತ್ತೊಮ್ಮೆ ಬಗ್ಗಿಸಿ, ನೇರ ನಿಲ್ಲಿಸಿ ಚಿತ್ರ ತೆಗೆಸಿದರು. ಎರಡೂ ಒಂದೇ ಥರ ಇದ್ದವು. ಉಂಗುರ ಕದಲಿರಲಿಲ್ಲ. "ನಿಧಾನಕ್ಕೆ ಶುರು ಮಾಡಿ," ಎಂದರು. ಅವಳು ಆ ಸೋಮವಾರವೇ ಶಾಲೆಯ ಬಾಗಿಲು ತೆರೆದಳು. ಮೊದಲು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂಗಿ ಕೂಗಿ ಕಲಿಸಿದಳು. ಆಮೇಲೆ, ಬ್ರೇಕನ್ನು ಹದವಾಗಿ ಒತ್ತಲು ಕಲಿತವರ ಪಕ್ಕದಲ್ಲಿ ಮಾತ್ರ, ಮತ್ತೆ ಕಾರಿನೊಳಗೆ ಕುಳಿತಳು.

*

ಸ್ಮಶಾನದಲ್ಲಿ ಎಲ್ಲ ಮುಗಿಯಿತು. ಜನ ಒಬ್ಬೊಬ್ಬರೇ ಬಂದು ಗಂಡನ ಕೈ ಹಿಡಿದು ಹೋಗುತ್ತಿದ್ದರು. ಮಗಳ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಬಟ್ಟೆ ಹೊಲಿಯುವವಳು, ಐವತ್ತರ ಆಸುಪಾಸು. ಅವಳ ಬೆರಳುಗಳೂ ಒಂದೇ ಕಡೆಗೆ ವಾಲಿದ್ದವು.

"ನಿಮ್ಮಮ್ಮ ನನಗೆ ಸಿಕ್ಕಿದ್ದು ಕೀಲು ಡಾಕ್ಟರ ಹತ್ರ, ಹೊರಗೆ ಬೆಂಚಲ್ಲಿ," ಎಂದಳು. "ಅಲ್ಲಿ ಕೂತವರನ್ನೆಲ್ಲ ಕೇಳೋರು. ಕೈ ಜುಮ್ ಅನ್ನತ್ತಾ, ತಲೆ ಹಿಂದೆ ನೋವಾ, ಇದ್ರೆ ಒಳಗೆ ಹೋಗಿ ಬಾಯಿ ಬಿಟ್ಟು ಹೇಳಿ ಅನ್ನೋರು."

"ಹೌದು," ಎಂದಳು ಮಗಳು. "ನಮಗೇ ಮುಜುಗರ ಆಗೋದು."

"ನನಗೆ ಮಂಡಿ ಆಪರೇಷನ್ ಇತ್ತು. ಪ್ರಜ್ಞೆ ತಪ್ಪಿಸೋವಾಗ ಕುತ್ತಿಗೆ ಹಿಂದಕ್ಕೆ ಬಗ್ಗಿಸ್ತಾರೆ, ಮೊದಲೇ ಕುತ್ತಿಗೆ ಎಕ್ಸ್‌ರೇ ತೆಗೆಸಿದಾರಾ ಕೇಳು ಅಂದ್ರು. ಕೇಳಿದೆ. ತೆಗೆಸೋದು ಇದ್ದೇ ಇದೆ ಅಂದ್ರು ಆಸ್ಪತ್ರೆಯವರು. ಮೂರು ದಿನ ನಿದ್ದೆ ಮಾಡ್ಲಿಲ್ಲ ನಾನು. ಚಿತ್ರದಲ್ಲಿ ಏನೂ ಇರ್ಲಿಲ್ಲ. ಬಗ್ಗಿದ್ರೂ ಇಲ್ಲ, ನಿಂತ್ರೂ ಇಲ್ಲ. ನಿಮ್ಮಮ್ಮನ ಮೇಲೆ ಎಷ್ಟು ಸಿಟ್ಟು ಬಂತು ಅಂದ್ರೆ, ಮನೆಗೇ ಹೋಗಿ ಜಗಳ ಆಡ್ದೆ. ಸುಮ್ನೆ ಹೆದರಿಸಿದ್ರಿ ನನ್ನ ಅಂತ."

"ಅಮ್ಮ ಏನಂದ್ಲು?"

"ಕಾಫಿ ಕೊಟ್ರು. 'ಗಟ್ಟಿ ಕುತ್ತಿಗೆ ಅಂತ ಗೊತ್ತಾಯ್ತಲ್ಲ, ಇನ್ನು ಅದನ್ನ ಸುಮ್ನೆ ಇಟ್ಕೊಂಡು ಏನ್ಮಾಡ್ತೀಯ, ಕಾರು ಕಲಿ' ಅಂದ್ರು." ಹೊಲಿಯುವವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮಂಡಿ ಸರಿಯಾದ ಮೇಲೆ ಕಲಿತೆ. ಈಗ ಅಂಗಡಿಗೆ ನಾನೇ ಓಡಿಸ್ಕೊಂಡು ಹೋಗ್ತೀನಿ. ಅಪ್ಪಾವ್ರು ನನ್ನ ಗಾಡೀಲಿ ಬರಲಿ. ವ್ಯಾನಲ್ಲಿ ಮತ್ತೆ ಬೇಡ."

ಕನ್ನಡಕದಂಗಡಿಯವರು ಬೇಡವೆನ್ನಲಿಲ್ಲ. ಮಗಳು, ತಂಗಿ ಹಿಂದಿನ ಸೀಟಿನಲ್ಲಿ ಕುಳಿತರು. ಆತ ಮುಂದೆ, ಹೊಲಿಯುವವಳ ಪಕ್ಕದಲ್ಲಿ ಕುಳಿತರು.

ತೊಂದರೆ ಆಗ ಗೊತ್ತಾಯಿತು. ಸ್ಮಶಾನಕ್ಕೆ ಬರುವ ಓಣಿ ಕಿರಿದು, ಆಚೆ ತುದಿ ಗೋಡೆ. ಬಂದ ಕಾರುಗಳೆಲ್ಲ ಮೂತಿ ಒಳಗೆ ಮಾಡಿ ಒಂದರ ಹಿಂದೊಂದು ನಿಂತುಬಿಟ್ಟಿದ್ದವು. ತಿರುಗಿಸಲು ಜಾಗವಿಲ್ಲ. ಹೊರಗೆ ಹೋಗಬೇಕಾದರೆ ಕೊನೆಯ ಕಾರಿನಿಂದ ಮೊದಲ್ಗೊಂಡು ಎಲ್ಲವೂ ಮುಖ್ಯರಸ್ತೆಯವರೆಗೆ ರಿವರ್ಸ್ ಹೋಗಬೇಕು.

"ಇವತ್ತಿಗೆ ಮನೆ ಸೇರಿದ ಹಾಗೇ," ಎಂದಳು ತಂಗಿ.

ಹೊಲಿಯುವವಳು ರಿವರ್ಸ್ ಗೇರ್ ಹಾಕಿದಳು. ಕನ್ನಡಿ ಸರಿಮಾಡಿಕೊಂಡಳು, ಆದರೆ ಅದರಲ್ಲಿ ನೋಡಿ ಸುಮ್ಮನಾಗಲಿಲ್ಲ. ಡೊಂಕು ಬೆರಳಿನ ಒಂದು ಕೈಯನ್ನು ಕನ್ನಡಕದಂಗಡಿಯವರ ಸೀಟಿನ ಬೆನ್ನಿಗೆ ಕೊಟ್ಟು, ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಗಟ್ಟಿಯಾಗಿ ಹೇಳತೊಡಗಿದಳು.

"ಹಿಂದೆ ಒಂದು ನೀಲಿ ಕಾರು, ಹೋಗ್ತಾ ಇದೆ. ಆ ಕಡೆ ಕಾಂಪೌಂಡು, ಒಂದು ಮೊಳ ಜಾಗ ಇದೆ. ಈ ಕಡೆ ಚರಂಡಿ. ನಾಯಿ ಎದ್ದು ಹೋಯ್ತು."

"ಯಾರಿಗೆ ಹೇಳ್ತಿದೀರಿ?" ಎಂದು ಕೇಳಿದಳು ತಂಗಿ.

"ಮೇಡಮ್ಮಿಗೆ ತಿರುಗೋಕಾಗ್ತಿರ್ಲಿಲ್ವಲ್ಲಮ್ಮ. ನಾನು ಹೇಳಿದ ಮೇಲೇ ಅವರಿಗೆ ಹಿಂದಿಂದು ಗೊತ್ತಾಗ್ತಿದ್ದಿದ್ದು. ಹೇಳದೆ ಇದ್ರೆ ಬ್ರೇಕಿಂದ ಕಾಲು ತೆಗೀತಾನೇ ಇರ್ಲಿಲ್ಲ." ಅವಳು ಕತ್ತು ತಿರುಗಿಸಿಕೊಂಡೇ ಇದ್ದಳು. "ಈಗ ಹೇಳದೆ ಹಿಂದಕ್ಕೆ ಹೋಗೋಕೆ ನನಗೆ ಬರಲ್ಲ."

ಕನ್ನಡಕದಂಗಡಿಯವರು ಮುಂದಿನ ಗಾಜಿನಿಂದ ಹೊರಗೆ ನೋಡಿದರು. ಓಣಿಯ ಒಳತುದಿಯಿಂದ ಇನ್ನಷ್ಟು ಕಾರುಗಳು ಇವರ ಕಡೆಗೆ ಬೆನ್ನು ಮಾಡಿ, ಆಮೆಯಂತೆ, ಒಂದರ ಹಿಂದೊಂದು ಬರುತ್ತಿದ್ದವು. ಹತ್ತಿರದ ಕಾರಿನ ಹಿಂಗಾಜಿನಲ್ಲಿ ಒಂದು ಮುಖ ಕಂಡಿತು. ಅದರಾಚೆಯದರಲ್ಲಿ ಇನ್ನೊಂದು. ಎಲ್ಲಕ್ಕೂ ಆಚೆ ವ್ಯಾನಿನ ಕಿಟಕಿಯಿಂದ ಅರ್ಧ ಮೈ ಹೊರಹಾಕಿದ ಗಡಿಬಿಡಿ. ಗುಮಾಸ್ತರು, ನರ್ಸುಗಳು, ತಲೆ ನರೆತವರು, ಎಲ್ಲರೂ ಹೆಗಲ ಮೇಲಿಂದ ಪೂರ್ತಿ ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿದ್ದರು. ಹೆಚ್ಚಿನವರ ಪಕ್ಕದ ಸೀಟು ಖಾಲಿಯಿತ್ತು. ಆದರೂ ಒಬ್ಬೊಬ್ಬರ ತುಟಿಗಳೂ ಅಲುಗುತ್ತಿದ್ದವು.